ಹೊಳೆಗೆ ಬಿಟ್ಟ ಕೌದಿ

ನಮ್ಮ ಓಣಿಯಲ್ಲಿ ಮನೆಗೆ ಬೇಡವಾದದ್ದಕ್ಕೆಲ್ಲ ಒಂದೇ ದಾರಿ, ಹೊಳೆ. ಪೂಜೆಯ ಬಾಡಿದ ಹೂವು ಪ್ಲಾಸ್ಟಿಕ್ ಚೀಲದ ಸಮೇತ ಹೊಳೆಗೆ. ಗಾಜು ಒಡೆದ ದೇವರ ಫೋಟೋ ಹೊಳೆಗೆ. ಮಗ್ಗದ ಮನೆಯ ಚಿಂದಿ, ಗಂಟಾದ ನೂಲು, ಅದೂ ಹೊಳೆಗೆ. ಬೇಸಿಗೆ ಬಂತೆಂದರೆ ಮೂಗಿಗೆ ಸೆರಗು ಹಿಡಿದು, "ಏನ್ ನಾರತೈತಿ ನಮ್ಮವ್ವ ಈ ಹೊಳಿ!" ಎಂದು ಬೈಯುವವರೂ ನಾವೇ. ಹೋದ ವರ್ಷದವರೆಗೆ ನಾನೂ ಅವರಲ್ಲಿ ಒಬ್ಬಳು.

ನನ್ನ ಹೆಸರು ಚೆನ್ನವ್ವ. ಇಚಲಕರಂಜಿಗೆ ಹತ್ತಿರದ, ಪಂಚಗಂಗೆಯ ದಂಡೆಯ ಹಳ್ಳಿಯಲ್ಲಿ ನಮ್ಮ ಮನೆ. ನನ್ನ ಗಂಡ ಹಣಮಪ್ಪ ಇಪ್ಪತ್ತೈದು ವರ್ಷದ ಹಿಂದೆ ಅಥಣಿ ಕಡೆಯಿಂದ ದುಡಿಯಲು ಬಂದವರು. ಮೊದಲು ಬೆಲ್ಲದ ಗಾಣದಲ್ಲಿದ್ದರು, ಈಗ ಪವರ್‌ಲೂಮ್‌ನಲ್ಲಿ ಇದ್ದಾರೆ. ಗಾಣ ಮುಚ್ಚಿದಾಗ ಮಾಲೀಕರು ಬೆಲ್ಲ ಕುದಿಸುವ ಹಳೆಯ ಕಬ್ಬಿಣದ ಕೊಪ್ಪರಿಗೆಯನ್ನು ಇವರಿಗೆ ಕೊಟ್ಟರು. ನಾಲ್ಕು ಮಂದಿ ಕೂರುವಷ್ಟು ಅಗಲದ ಪಾತ್ರೆ ಅದು. ಮಹಾಪೂರ ಬಂದಾಗ ನಮ್ಮ ಕಡೆ ಮಂದಿ ಇಂಥ ಕೊಪ್ಪರಿಗೆಯಲ್ಲೇ ನೀರು ದಾಟುತ್ತಾರೆ. ಇವರು ಅದನ್ನು ದಿನದ ದೋಣಿಯನ್ನೇ ಮಾಡಿಕೊಂಡರು. ಎಮ್ಮೆಗಳಿಗೆ ಮೇವು ಆಚೆ ದಂಡೆಯಿಂದ ಬರಬೇಕು. ಬಂಧಾರೆಯ ಮೇಲೆ ತಲೆಹೊರೆ ಹೊತ್ತು ಬಂದರೆ ಅರ್ಧ ತಾಸು, ಕೊಪ್ಪರಿಗೆಯಲ್ಲಿ ನಿಂತು ಬಿದಿರಿನ ಗಳ ಊರಿದರೆ ಹತ್ತು ನಿಮಿಷ.

ಬಂಧಾರೆ ಎಂದರೆ ಹೊಳೆಗೆ ಅಡ್ಡ ಕಟ್ಟಿದ, ಮೇಲೆ ನಡೆದು ದಾಟಬಹುದಾದ ಕಂಬಗಳ ಸಾಲು. ಮಳೆಗಾಲ ಮುಗಿದ ಮೇಲೆ ಕಂಬಗಳ ನಡುವಿನ ಕಿಂಡಿಗಳಲ್ಲಿ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ. ಆ ಹಲಗೆಗೆ ಇಲ್ಲಿ ಬರಗೆ ಎನ್ನುತ್ತಾರೆ. ಮುಂದಿನ ಮಳೆ ಹಿಡಿಯುವ ಮೊದಲು ಬರಗೆ ತೆಗೆಯುತ್ತಾರೆ. ನಮ್ಮ ಕಥೆ ನಡೆದದ್ದು ಬರಗೆ ತೆಗೆದ ದಿನವೇ.

ನಮ್ಮ ಮಗಳು ಸಪನಾ ಕಾಲೇಜಿಗೆ ಹೋಗುತ್ತಾಳೆ. ಅಲ್ಲಿ ಆಟ ಕಲಿಸುವ ವೃಷಾಲಿ ಮೇಡಂ ಹುಡುಗ ಹುಡುಗಿಯರಿಗೆ ಕಯಾಕ್ ಕಲಿಸಿದ್ದಾರೆ. ಕಯಾಕ್ ಎಂದರೆ ಒಬ್ಬರು ಕೂತು ಎರಡೂ ಕಡೆ ಹುಟ್ಟು ಹಾಕುವ ಸಣ್ಣ ದೋಣಿ. ಭಾನುವಾರಕ್ಕೊಮ್ಮೆ ಅವರ ತಂಡ ನಮ್ಮ ಹೊಳೆಗೆ ಬಂದು ನೀರಿನಲ್ಲಿ ತೇಲುವ ಕಸ ಎತ್ತುತ್ತದೆ. ಸಪನಾ ಕೆರೆಯಲ್ಲಿ ಪೂರ್ತಿ ತರಬೇತಿ ಮುಗಿಸಿದ್ದಳು. ಆದರೆ ಹೊಳೆಗೆ ಹೋಗಲು ಅಪ್ಪನ ಒಪ್ಪಿಗೆ ಇಲ್ಲ.

"ಹೊಳಿ ಅಂದ್ರ ಆಟದ ಸಾಮಾನಲ್ಲ. ಸುಮ್ನ ಮನ್ಯಾಗ ಕುಂದರು" ಎನ್ನುವರು. ಹಾಗೆ ಹೇಳಿ ತಾವು ಮಾತ್ರ ಗಳ ಹಿಡಿದು ಕೊಪ್ಪರಿಗೆ ಹತ್ತುವರು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಎರಡು ತಿಂಗಳು ಮನೆಯಲ್ಲಿ ಇದೇ ಜಗಳ. ಹುಡುಗಿ ಊಟ ಬಿಟ್ಟು ಮಲಗಿದ್ದೂ ಆಯಿತು.

ಜೂನ್ ಮೊದಲ ಭಾನುವಾರ ವೃಷಾಲಿ ಮೇಡಂ ತಾವೇ ಮನೆಗೆ ಬಂದರು. ನೀರಿನಲ್ಲಿ ತೇಲಿಸುವ ಕಿತ್ತಳೆ ಬಣ್ಣದ ಜಾಕೀಟು ತೊಟ್ಟಿದ್ದರು. ನಾನು ಚಹಾ ಕೊಟ್ಟೆ.

"ಕಾಕಾ, ಸಪನಾನ್ನ ನಮ್ಮ ಜೋಡಿ ಕಳಸ್ರಿ. ಜವಾಬ್ದಾರಿ ನಂದು" ಎಂದರು.

"ಮೇಡಂ, ನಾ ಸಣ್ಣಾಂವ ಇದ್ದಾಗಿಂದ ನೀರಾಗ ಬೆಳದೇನಿ. ಕೃಷ್ಣಾ ಹೊಳಿ ಈಜಿ ದಾಟೇನಿ. ಹೊಳಿ ಏನಂತ ನನಗ ಗೊತ್ತೈತಿ. ಅದಕ್ಕ ಬ್ಯಾಡ ಅನ್ನಾಕತ್ತೇನಿ."

"ಹೌದ್ರಿ, ನಿಮಗ ಗೊತ್ತೈತಿ. ಆದ್ರ ನಿಮ್ಮ ಜಾಕೀಟ ಎಲ್ಲೈತಿ?"

"ಈಜು ಬರೂ ಮನಷ್ಯಾಗ ಜಾಕೀಟ ಯಾಕ್ರಿ? ಮೀನಕ್ಕ ಯಾರರ ಜಾಕೀಟ ಹಾಕ್ತಾರೇನು?"

"ಮೀನಿನ ತಲಿಗೆ ಕಲ್ಲ ಬಡದ್ರೂ ಅದು ಮುಳಗಂಗಿಲ್ಲ ಕಾಕಾ. ಎಚ್ಚರ ತಪ್ಪಿದ ಮನಷ್ಯಾ ಈಜತಾನೇನು? ಜಾಕೀಟ ಅವನ ಮಾರಿ ನೀರಿನ ಮ್ಯಾಲೆ ಹಿಡೀತೈತಿ. ನಮ್ಮಲ್ಲಿ ಜಾಕೀಟ ಹಾಕಿ ಪಟ್ಟಾ ಬಿಗೀಲಾರದ ಯಾರೂ ನೀರಿಗೆ ಇಳಿಯೂದಿಲ್ಲ. ಒಬ್ಬರ ಹೋಗೂದಿಲ್ಲ. ಹೊಳಿ ತುಂಬಿ ಹರಿಯೂಮುಂದ ಅಂತೂ ಇಲ್ಲೇ ಇಲ್ಲ."

ಇವರು ಚಹಾ ಕುಡಿದು ಬಸಿ ಕೆಳಗಿಟ್ಟರು. "ಹಂಗಾರ ಇವತ್ತ ಬಿಸಿಲ ಐತಿ, ಮಳಿ ಇಲ್ಲ. ಹೋಗ್ರಲಾ ಮತ್ತ."

"ಇವತ್ತ ನೀರಿಗೆ ಇಳಿಯೂದಿಲ್ರಿ. ದಂಡಿ ಮ್ಯಾಲಿನ ಕಸ ಅಷ್ಟ ಆರಸ್ತೇವಿ. ಮುಂಜಾನೆ ಬಂಧಾರೆದವರಿಗೆ ಫೋನ್ ಮಾಡಿದ್ದೆ. ಬರಗೆ ತಗ್ಯಾಕತ್ತಾರಂತ."

"ಬರಗೆ ತಗದ್ರ ಏನಾತು? ನೀರು ತಾಟಿನ್ಯಾಗ ಇಟ್ಟಂಗ ನಿಂತೈತಿ!"

"ಮ್ಯಾಲೆ ನಿಂತಂಗ ಕಾಣತೈತಿ, ಕೆಳಗ ಕಿಂಡಿ ಜಗ್ಗತೈತಿ. ಕಿಂಡ್ಯಾಗ ಹೋದ ಸಾಮಾನು ಆ ಕಡೆ ಬಿದ್ದಲ್ಲೇ ಗಿರಗಿರ ತಿರಗತೈತಿ. ಅಲ್ಲಿ ಜಾಕೀಟ ಇದ್ದಾಂವನೂ ಪಾರಾಗೂದು ಕಷ್ಟ. ಅದಕ್ಕ ನಾವು ಬಂಧಾರೆ ಇನ್ನೂ ದೂರ ಇರೂವಾಗನ ದಂಡಿಗೆ ಹತ್ತಿ, ಕಯಾಕ್ ಹೊತ್ತಗೊಂಡು ನಡದು ದಾಟತೇವಿ."

ಇವರಿಗೆ ನಗು ತಡೆಯಲಿಲ್ಲ. "ದೋಣಿ ಇರೂದು ಮನಷ್ಯಾನ್ನ ಹೊರಾಕ. ನೀವು ದೋಣಿನ್ನ ಹೊರತೀರಿ! ಬರ್‍ರಿ, ಹೊಳಿ ಹೆಂಗ ದಾಟೂದಂತ ತೋರಸ್ತೇನಿ."

ಬೇಡ ಎಂದು ನಾನೂ ಹೇಳಿದೆ. ಕೇಳಿದರೆ ತಾನೇ? ಗಳ ಎತ್ತಿಕೊಂಡು ನಡೆದೇಬಿಟ್ಟರು. ನಾವು ಮೂವರೂ ಹಿಂದೆ ಹೋದೆವು. ತಂಡದ ಉಳಿದವರು ದೂರದ ದಂಡೆಯಲ್ಲಿ ಕಸ ಆರಿಸುತ್ತಿದ್ದರು. ದಂಡೆಯಲ್ಲಿ ಕಸ ಆರಿಸಲು ಸಪನಾ ಕೂಡ ಜಾಕೀಟು ಹಾಕಿಕೊಂಡಳು. ನೀರಿಗೆ ಬಿದ್ದವರಿಗೆ ಎಸೆಯುವ ಹಗ್ಗದ ಚೀಲವನ್ನು ಹೆಗಲಿಗೆ ಏರಿಸಿದಳು. ಹೋಗುವಾಗ ಇವರು ಸಲೀಸಾಗಿ ಹೋದರು. ಆಚೆ ದಂಡೆಯಿಂದ ನಮ್ಮ ಕಡೆ ಕೈ ಬೀಸಿ ತೋರಿಸಿದರು ಕೂಡ.

ಮೇವು ಕಟ್ಟಲು ಒಂದು ತಾಸು ಹಿಡಿಯಿತು. ಅಷ್ಟರಲ್ಲಿ ಹೊಳೆಗೆ ಇಳಿಯುವ ಘಾಟಿನ ಮೆಟ್ಟಿಲ ಮೇಲೆ ಒಂದು ಗೇಣು ಹಸಿ ಗುರುತು ಕಂಡಿತು. ನೀರು ಇಳಿದಿತ್ತು. ದೂರದಲ್ಲಿ ಬಂಧಾರೆಯ ಕಡೆಯಿಂದ ಸದ್ದು ಕೇಳುತ್ತಿತ್ತು. "ಅಪ್ಪಾ, ನಡದು ಬಾ! ಕೊಪ್ಪರಿಗಿ ಅಲ್ಲೇ ಬಿಡು!" ಎಂದು ಸಪನಾ ಕೂಗಿದಳು. ಇವರು ನಾಲ್ಕು ಹೊರೆ ಹೇರಿಕೊಂಡು ಹೊರಟೇಬಿಟ್ಟರು.

ಹೊಳೆಯ ನಡುವೆ ಬಂದಾಗ ಕೊಪ್ಪರಿಗೆ ನಮ್ಮ ಕಡೆ ಬರುವುದು ಬಿಟ್ಟು ಬಂಧಾರೆಯ ಕಡೆ ಸರಿಯತೊಡಗಿತು. ಇವರು ಬಲ ಹಾಕಿ ಗಳ ಊರಿದರು. ಗಳದ ತುದಿ ತಳದಲ್ಲಿ ಏನಕ್ಕೋ ಸಿಕ್ಕಿತು. ಜಗ್ಗಿದರು, ಬರಲಿಲ್ಲ. ಕೊಪ್ಪರಿಗೆ ಮುಂದೆ ಹೋಯಿತು, ಗಳ ಹಿಡಿದ ಇವರು ಹಿಂದೆ ಉಳಿದು ನೀರಿಗೆ ಬಿದ್ದರು.

ಇವರು ಈಜುವುದರಲ್ಲಿ ಗಟ್ಟಿಗರು, ಅದು ಸುಳ್ಳಲ್ಲ. ನಾಲ್ಕು ಕೈ ಹೊಡೆದು ದಂಡೆಯ ಕಡೆ ಬಂದರು. ಐದನೆಯದಕ್ಕೆ ನಿಂತುಬಿಟ್ಟರು. "ಕಾಲ! ಕಾಲ ಸಿಕ್ಕೈತಿ!" ಎಂದು ಕೂಗಿದರು. ತಲೆ ಒಮ್ಮೆ ಒಳಗೆ ಹೋಗಿ ಬಂತು.

ನಾನು ಸೀರೆ ಎತ್ತಿ ಕಟ್ಟಿ ನೀರಿಗೆ ಓಡಿದೆ. ಮೇಡಂ ನನ್ನ ರಟ್ಟೆ ಹಿಡಿದು ಜಗ್ಗಿದರು. "ಮಾವಶಿ, ನೀವು ಇಳದ್ರ ಇಬ್ಬರನ್ನ ತಗೀಬೇಕಾಗತೈತಿ! ಇಲ್ಲೇ ನಿಂದರ್‍ರಿ!" ಎಂದು ಗದರಿಸಿ, ಸಪನಾಳ ಜಾಕೀಟನ್ನು ಹಿಂದಿನಿಂದ ಬಿಗಿಯಾಗಿ ಹಿಡಿದರು. ಸಪನಾ ಹಗ್ಗದ ಒಂದು ತುದಿ ಕೈಯಲ್ಲಿಟ್ಟುಕೊಂಡು ಚೀಲ ಎಸೆದಳು. ಎರಡು ಮೊಳ ಕಡಿಮೆ ಬಿತ್ತು. ಹುಡುಗಿ ಅಳಲಿಲ್ಲ. ಹಗ್ಗವನ್ನು ಎಳೆದು, ಮತ್ತೆ ಎಸೆದಳು. ಈ ಸಲ ಇವರ ಹೆಗಲ ಮೇಲೆಯೇ ಬಿತ್ತು.

"ಅಪ್ಪಾ, ಎದಿಗೆ ಹಿಡಿ! ಕೈಗೆ ಸುತಗೋಬ್ಯಾಡ! ಅಂಗಾತ ಆಗು!"

ಹುಟ್ಟಿದಾಗಿನಿಂದ ಮಗಳಿಗೆ ಅಪ್ಪಣೆ ಕೊಟ್ಟವರು ಅಂದು ಮಗಳ ಅಪ್ಪಣೆ ಕೇಳಿದರು. ಮೂವರೂ ಹಗ್ಗ ಎಳೆದೆವು. ಸ್ವಲ್ಪ ಹೊತ್ತು ಏನೂ ಕದಲಲಿಲ್ಲ. ಆಮೇಲೆ ತಳದಿಂದ ಏನೋ ಕಿತ್ತು ಬಂದಂತಾಗಿ ಇವರು ಸರಸರನೆ ದಂಡೆಗೆ ಬಂದರು.

ಕೆಸರಿನಲ್ಲಿ ಬಿದ್ದುಕೊಂಡು ಇವರು ಕೆಮ್ಮುತ್ತಿದ್ದಾಗಲೇ ಕೊಪ್ಪರಿಗೆ ಬಂಧಾರೆಯ ಕಂಬಕ್ಕೆ ಬಡಿದ ಸದ್ದು ಕೇಳಿತು. ಎದ್ದು ನೋಡಿದೆವು. ಅದು ಕಿಂಡಿಗೆ ಅಡ್ಡ ಸಿಕ್ಕಿಕೊಂಡಿತ್ತು. ಮೇವಿನ ಹೊರೆಗಳು ಒಂದೊಂದಾಗಿ ಒಳಗೆ ಹೋದವು. ಆ ಕಡೆ ಬಿದ್ದ ಹೊರೆಗಳು ಮುಂದೆ ಹೋಗಲಿಲ್ಲ. ಮುಳುಗಿ, ಎದ್ದು, ಮತ್ತೆ ಮುಳುಗಿ, ಅಲ್ಲೇ ತಿರುಗುತ್ತಿದ್ದವು. ಇವರು ಅದನ್ನೇ ನೋಡುತ್ತ ಕೂತರು.

ಆಗ ಸಪನಾ ಅಪ್ಪನ ಕಾಲಿಗೆ ಸುತ್ತಿದ್ದ ಹಸಿ ಗಂಟನ್ನು ಬಿಡಿಸತೊಡಗಿದಳು. ಕೆಸರು ತೊಳೆದ ಹಾಗೆ ಬಣ್ಣ ಬಣ್ಣದ ತುಂಡುಗಳು ಕಂಡವು. ಮೂಲೆಯಲ್ಲಿ ಕೆಂಪು ಬಟ್ಟೆಯ ತ್ರಿಕೋನ. ನೋಡಿದೊಡನೆ ಗುರುತು ಹಿಡಿದೆ. ಅದು ನನ್ನ ಅತ್ತೆ ಹೊಲಿದ ಕೌದಿ.

ಅತ್ತೆ ತೀರಿಕೊಂಡದ್ದು ಹಿಂದಿನ ದೀಪಾವಳಿ ಆದಮೇಲೆ. ಅವರ ಸೀರೆ, ಹಾಸಿಗೆ, ಕೌದಿ ಎಲ್ಲವನ್ನೂ ಪದ್ಧತಿಯಂತೆ ಇವರೇ ಹೊಳೆಗೆ ಬಿಟ್ಟು ಬಂದಿದ್ದರು. ಹಿಂದಿನ ಕಾಲದ ಕೌದಿ ಹತ್ತಿ ಬಟ್ಟೆಯದು, ನೀರಿನಲ್ಲಿ ಕೊಳೆತು ಹೋಗುತ್ತಿತ್ತು. ಅತ್ತೆ ಇದನ್ನು ಹೊಲಿದದ್ದು ಮಗ ಮಗ್ಗದಿಂದ ತಂದ ಪಾಲಿಸ್ಟರ್ ತುಂಡುಗಳಿಂದ. ಪಾಲಿಸ್ಟರ್ ಎಲ್ಲಿ ಕೊಳೆಯುತ್ತದೆ? ಬರಗೆ ಇಳಿಸಿದ ಹೊಳೆಯಲ್ಲಿ ಅದು ಮುಂದಕ್ಕೂ ಹೋಗಲಿಲ್ಲ. ಏಳು ತಿಂಗಳು ತಳದಲ್ಲೇ ಬಿದ್ದಿತ್ತು.

"ನಮ್ಮವ್ವನ ಕೌದಿ" ಎಂದರು ಇವರು. "ನಾನ ಬಿಟ್ಟಿದ್ದೆ, ಚೆನ್ನೀ. ನನ್ನ ಕೈಯಾರೆ ಬಿಟ್ಟಿದ್ದೆ." ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಇವರು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೂ ಅಳು ಬಂತು. ನನ್ನ ಹೂವಿನ ಚೀಲಗಳೂ ಅಲ್ಲೇ ಎಲ್ಲೋ ಇದ್ದವಲ್ಲ!

ಕೌದಿಯನ್ನು ಮನೆಗೆ ತಂದು ಬಿಸಿನೀರಲ್ಲಿ ಮೂರು ಸಲ ಒಗೆದೆ. ಪಕ್ಕದ ಮನೆಯ ನಾಗೂಬಾಯಿ ಬೇಲಿಯಾಚೆಯಿಂದ ಹಣುಕಿದಳು.

"ಸತ್ತವರ ಹಾಸಿಗಿ ಮನ್ಯಾಗ ಇಡಬಾರದವಾ ಚೆನ್ನವ್ವಾ!"

ನಾನು ಬಾಯಿ ತೆರೆಯುವ ಮೊದಲೇ ಇವರು ಹೇಳಿದರು: "ನಮ್ಮವ್ವ ಇದನ್ನ ಹೊಚ್ಚಗೊಳ್ಳಾಕ ಹೊಲದಾಳ ವೈನಿ, ಹೊಳಿಗೆ ಒಗ್ಯಾಕಲ್ಲ." ನಾಗೂಬಾಯಿ ತಲೆ ಒಳಗೆ ಎಳೆದುಕೊಂಡಳು. ಆ ಮಳೆಗಾಲವೆಲ್ಲ ಇವರು ಅದನ್ನೇ ಹೊದ್ದು ಮಲಗಿದರು.

ಮಳೆ ನಿಂತು, ಬರಗೆ ಇಳಿದು, ಹೊಳೆ ಶಾಂತವಾದ ಮೇಲೆ ತಂಡ ಮತ್ತೆ ನೀರಿಗೆ ಇಳಿಯಿತು. ಮೊದಲ ಭಾನುವಾರ ಸಪನಾಳನ್ನು ಘಾಟಿಗೆ ಕರೆದೊಯ್ದವರು ಇವರೇ. ಅವಳ ಜಾಕೀಟಿನ ಪಟ್ಟಿ ಎಳೆದು ನೋಡಿದರು. ಹಗ್ಗದ ಚೀಲ ಇದೆಯೇ ಎಂದು ಎರಡು ಸಲ ಕೇಳಿದರು. ಆಮೇಲೆ ಮೆಲ್ಲಗೆ, "ಮೇಡಂ, ನನ್ನ ಅಳತೀದು ಒಂದ ಜಾಕೀಟ ಐತೇನ್ರಿ?" ಎಂದರು. ಸಿಕ್ಕ ಜಾಕೀಟಿನ ಪಟ್ಟಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡರು; ಮದುವೆಯ ಕೋಟಿನ ಗುಂಡಿಯನ್ನೂ ಇವರು ಅಷ್ಟು ಸಲ ಮುಟ್ಟಿರಲಿಲ್ಲ. ಅಂದು ಅಪ್ಪ ಮಗಳು ಸೇರಿ ಎತ್ತಿದ್ದು ಹನ್ನೊಂದು ಗೋಣಿ ಕಸ. ಮೇವು ಈಗ ಬಂಧಾರೆಯ ಮೇಲೆ ನಡೆದೇ ಬರುತ್ತದೆ. ಇಪ್ಪತ್ತು ನಿಮಿಷ ಹೆಚ್ಚಾದರೆ ಎಮ್ಮೆ ಏನೂ ಉಪವಾಸ ಬೀಳುವುದಿಲ್ಲ.

ನಮ್ಮ ಬಚತ ಗಟದ, ಅಂದರೆ ಉಳಿತಾಯ ಗುಂಪಿನ, ಅಕ್ಕತಂಗಿಯರೂ ಒಂದು ಮಾತು ಮಾಡಿಕೊಂಡಿದ್ದೇವೆ. ಪೂಜೆಯ ಹೂವು ಗಿಡದ ಬುಡದ ಗುಂಡಿಗೆ, ಪ್ಲಾಸ್ಟಿಕ್ಕು ಮತ್ತು ಮಗ್ಗದ ಚಿಂದಿ ಕಸ ಒಯ್ಯುವ ಘಂಟಾಗಾಡಿಗೆ. ತೀರಿಕೊಂಡವರ ಬಟ್ಟೆ ಒಗೆದು ಇಟ್ಟುಕೊಳ್ಳುವುದು, ಇಲ್ಲವೇ ಇಲ್ಲದವರಿಗೆ ಕೊಡುವುದು. ಪದ್ಧತಿ ಬಿಡಲಾಗದು ಎನ್ನುವವರು ಒಂದು ಹೂವಿನ ಎಸಳು ಬಿಟ್ಟು ಕೈಮುಗಿಯಲಿ. ಹೊಳೆಗೆ ಅಷ್ಟು ಸಾಕು.

ನೀವು ದೋಣಿಯಲ್ಲೋ ಕಯಾಕಿನಲ್ಲೋ ಕೊಪ್ಪರಿಗೆಯಲ್ಲೋ ಹೊಳೆಗೆ ಇಳಿಯುವವರಾದರೆ ನನ್ನದೊಂದು ಬೇಡಿಕೆ. ಎಷ್ಟೇ ಈಜು ಬರಲಿ, ಜಾಕೀಟು ಹಾಕಿ. ಜೊತೆ ಇಲ್ಲದೆ ಹೋಗಬೇಡಿ. ಬರಗೆ ತೆಗೆಯುತ್ತಿದ್ದಾರೆಯೇ ಎಂದು ಮೊದಲು ಕೇಳಿ, ಬಂಧಾರೆಯಿಂದ ದೂರವಿರಿ. ಯಾರಾದರೂ ಬಿದ್ದರೆ ಹಿಂದೆಯೇ ಧುಮುಕಬೇಡಿ. ಹಗ್ಗ ಎಸೆಯಿರಿ, ಖಾಲಿ ಡಬ್ಬಿ ಎಸೆಯಿರಿ, ಮಂದಿಯನ್ನು ಕೂಗಿ, 112ಕ್ಕೆ ಫೋನ್ ಮಾಡಿ.

ಕೈಯಲ್ಲಿ ಚೀಲ ಹಿಡಿದು ಹೊಳೆಯ ಕಡೆ ಹೊರಟವರು ಇದ್ದರೆ, ದಯವಿಟ್ಟು ಒಂದು ಗಳಿಗೆ ನಿಲ್ಲಿ. ಹೊಳೆಗೆ ಬಿಟ್ಟದ್ದು ಹೋಯಿತು ಎಂದುಕೊಂಡಿರುತ್ತೀರಿ. ಅದು ಹೋಗಿರುವುದಿಲ್ಲ. ನಾಳೆ ನಿಮ್ಮ ಮನೆಯವರ ಕಾಲಿಗೇ ಸುತ್ತಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಹಗ್ಗ ಎಸೆಯಲು ಮಗಳಿದ್ದಳು. ನಿಮ್ಮ ದಂಡೆಯಲ್ಲಿ ಯಾರಿದ್ದಾರೆ?