ಯುಗಾದಿಗೆ ಮುಂಚೆ

"ಆಂಟಿ, ಯುಗಾದಿ ಪ್ರೋಗ್ರಾಮ್‌ಗೆ ಬರ್ತಿದೀರಲ್ವಾ? ಊಟಕ್ಕೆ ಹೆಡ್‌ಕೌಂಟ್ ಕೊಡ್ಬೇಕು."

ಕನ್ನಡ ಸಂಘದ ಚರಣ್ ಫೋನ್ ಮಾಡಿದಾಗ ವಸಂತಲಕ್ಷ್ಮಿ ಕೆನ್ಮೋರ್‌ನ ಸರೋವರದ ಬಳಿಯ ಮನೆಯಲ್ಲಿ ತಮ್ಮ ಇತಿಹಾಸ ಪುಸ್ತಕದ ಆರನೇ ಅಧ್ಯಾಯದ ಕರಡಚ್ಚು ನೋಡುತ್ತಿದ್ದರು. ಒಪ್ಪಿಗೆ ಮಧ್ಯಾಹ್ನ ಎರಡರೊಳಗೆ ಪ್ರಕಾಶಕರಿಗೆ ತಲುಪಬೇಕು. ಈ ಸಲವೂ ತಪ್ಪಿದರೆ ಪುಸ್ತಕ ಕೈಬಿಡುವುದಾಗಿ ಅವರು ಬರೆದಿದ್ದರು.

"ಯುಗಾದಿ ಯಾವತ್ತಪ್ಪಾ?"

"ಮುಂದಿನ ವಾರ. ನಮ್ಮ ಪ್ರೋಗ್ರಾಮ್ ಏಪ್ರಿಲ್ ಕೊನೇಲಿ. ಹಾಲ್ ಸಿಗೋವರೆಗೂ ನಮಗೆ ಹಳೇ ವರ್ಷಾನೇ ಆಂಟಿ!" ಚರಣ್ ನಕ್ಕ. "ಎಷ್ಟು ಜನ ಅಂತ ಹಾಕ್ಲಿ? ಹೋದ್ಸಲ ಎರಡು ಅಂತ..." ಮಾತು ಅಲ್ಲಿಗೇ ನಿಂತಿತು. "ಸಾರಿ ಆಂಟಿ."

"ಆಮೇಲೆ ಹೇಳ್ತೀನಿ."

ಫೋನ್ ಕೆಳಗಿಟ್ಟರು. ಹಳೇ ವರ್ಷಾನೇ. ಕರಡಿನ ತಾರೀಖಿನ ಮೇಲೆ ಕಣ್ಣು ನಿಂತಿತು.

ಹದಿಮೂರನೇ ಶತಮಾನದ ಸ್ಕಾಟ್ಲೆಂಡಿನ ದಾನಪತ್ರಗಳಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಜನವರಿಯಲ್ಲಲ್ಲ, ಮಾರ್ಚ್ ಇಪ್ಪತ್ತೈದಕ್ಕೆ. ಇದನ್ನು ಕೇಳಿದ ದಿನದಿಂದ ಗಂಡ ಚಕ್ರಪಾಣಿ ಆ ದಿನವನ್ನೇ ಯುಗಾದಿ ಮಾಡಿಕೊಂಡು ಪ್ರತಿ ತಾರೀಖಿಗೂ ರೇಗಿಸುತ್ತಿದ್ದರು: "ಯುಗಾದಿಗೆ ಮುಂಚೇನೋ, ಆಮೇಲೋ?" ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ತಪಾಸಣೆ ಮಾಡಿದವರು. ನಿವೃತ್ತಿಯ ಮೇಲೆ ಹೆಂಡತಿಯ ಅಧ್ಯಾಯಗಳಿಗೆ ಕೈಹಾಕಿದ್ದರು. ಸರಿಯಾದ ತಾರೀಖಿನ ಪಕ್ಕ ಪೆನ್ಸಿಲ್‌ನಲ್ಲೊಂದು ಟಿಕ್. ಐದು ಅಧ್ಯಾಯ ಹಾಗೆ ಮುಗಿದಿದ್ದವು. ಆರನೆಯದನ್ನು ಬರೆಯುವಾಗ ಅವರಿರಲಿಲ್ಲ.

ಆ ಅಧ್ಯಾಯ ನಿಂತಿದ್ದುದು ಮಾರ್ಜರಿ ಎಂಬಾಕೆ ಮಠಕ್ಕೆ ಹೊಲ ಕೊಟ್ಟ ಪತ್ರದ ಮೇಲೆ. ಫೆಬ್ರವರಿ ಹತ್ತು, 1262. ಆಕೆಯ ಗಂಡ ಸತ್ತದ್ದು 1262ರ ಅಕ್ಟೋಬರಿನಲ್ಲಿ. ಗಂಡ ಬದುಕಿರುವಾಗಲೇ ಸ್ವಂತ ಮುದ್ರೆಯೊತ್ತಿ ಭೂಮಿ ಕೊಟ್ಟವಳು ಎಂಬುದೇ ಅಧ್ಯಾಯದ ವಾದ. ಆದರೆ ಮಾರ್ಚಿನಲ್ಲಿ ಶುರುವಾಗುವ ಆ ಲೆಕ್ಕದಲ್ಲಿ 1262ರ ಫೆಬ್ರವರಿ ಬರುವುದು ವರ್ಷದ ಕೊನೆಗೆ, ಅಕ್ಟೋಬರ್ ಕಳೆದ ಮೇಲೆ. ಮುದ್ರೆಯೊತ್ತಿದಾಗ ಮಾರ್ಜರಿ ವಿಧವೆಯಾಗಿ ನಾಲ್ಕು ತಿಂಗಳಾಗಿತ್ತು.

ಮಗಳು ಜಾಹ್ನವಿ ಟಕ್ವಿಲಾದ ಆಫೀಸಿನಲ್ಲಿದ್ದಳು. ಎರಡನೇ ರಿಂಗಿಗೆ ಎತ್ತಿದಳು.

"ಜಾನೂ, ತಾರೀಖು ತಪ್ಪು ಓದಿದೀನಿ ಕಣೇ. ಇಡೀ ಅಧ್ಯಾಯ ಬಿದ್ದೋಗತ್ತೆ."

"ನೋಬಡಿ ವಿಲ್ ನೋಟಿಸ್, ಅಮ್ಮ. ಜಸ್ಟ್ ಸೆಂಡ್ ಇಟ್."

"ನಾನು ನೋಡಿಬಿಟ್ಟೆನಲ್ಲ."

"ಇಲೆವೆನ್ ಇಯರ್ಸ್, ಅಮ್ಮ! ದೇ ವಿಲ್ ಡ್ರಾಪ್ ದ ಬುಕ್."

"ಗೊತ್ತು."

ಆ ಕಡೆ ಯಾರೋ ಜಾಹ್ನವಿಯನ್ನು ಕರೆದರು. ಅವಳು ಹೋಗಲಿಲ್ಲ. ಅಪರೂಪಕ್ಕೆ ಕನ್ನಡದಲ್ಲಿ ಕೇಳಿದಳು: "ಅಪ್ಪ ನೋಡಿರ್ಲಿಲ್ವಾ ಇದನ್ನ?"

"ಇಲ್ಲ. ಇದೊಂದನ್ನ ನೋಡಿರ್ಲಿಲ್ಲ."

ಒಂದೂ ನಲವತ್ತಕ್ಕೆ ಸಂಪಾದಕರಿಗೆ ಪತ್ರ ಹೋಯಿತು: ತಪ್ಪು ನನ್ನದು, ಆರನೇ ಅಧ್ಯಾಯ ಅಚ್ಚಿಗೆ ಕೊಡಬೇಡಿ. ನೀರಿನ ಮೇಲಿಳಿಯುವ ಪುಟ್ಟ ವಿಮಾನವೊಂದು ಸರೋವರದಿಂದ ಎದ್ದು ಮನೆಯ ಮೇಲೆ ಹಾದುಹೋಯಿತು. ಅದು ಯಾವ ಮಾದರಿ ಎಂದು ಹೇಳುವವರಿರಲಿಲ್ಲ. ಚರಣ್‌ಗೆ ಒಂದೇ ಪದದ ಮೆಸೇಜ್ ಕಳಿಸಿದರು: "ಒಬ್ಬಳು."

ಮಾರ್ಜರಿಯ ಮುದ್ರೆಯ ಚಿತ್ರ ಮೇಜಿನ ಮೇಲೆ ಹಾಗೇ ಇತ್ತು. ಮುಂಭಾಗದಲ್ಲಿ ಕೈಮೇಲೆ ಹಕ್ಕಿ ಕೂರಿಸಿಕೊಂಡು ನಿಂತ ಹೆಂಗಸು. ಹಿಂದಿನ ಮೇಣದಲ್ಲಿ ಯಾರದೋ ಹೆಬ್ಬೆರಳ ಗುರುತು.

ವಸಂತಲಕ್ಷ್ಮಿ ಡ್ರಾಯರ್‌ನಿಂದ ಚಕ್ರಪಾಣಿಯ ಪೆನ್ಸಿಲ್ ತೆಗೆದರು. ಕರಡಿನಲ್ಲಿ ತಾರೀಖಿನ ಪಕ್ಕ, ಟಿಕ್ ಬೀಳಬೇಕಾಗಿದ್ದ ಜಾಗದಲ್ಲಿ, "ಮುಂಚೆ" ಎಂದು ಬರೆದರು.