ಇಪ್ಪತ್ತೆರಡು ಬಸ್ಸುಗಳ ಮೇಲೆ ಗ್ಲೆಂಡಿಯ ಮುಖ

ನನ್ನ ಅತ್ತಿಗೆ ಗ್ಲೆಂಡಿಗೆ ಎರಡನೆಯ ಹೆರಿಗೆಯಾದ ಮೇಲೆ ಎರಡೂ ಕೆನ್ನೆಗಳಲ್ಲಿ ಬಂಗು ಎದ್ದಿತು. ಮೇಲ್ದುಟಿಯ ಮೇಲೂ ಮೀಸೆ ಚಿಗುರಿದಂತೆ ಒಂದು ಕಂದು ಪಟ್ಟಿ. ಅದು ಕಾಣಿಸಿಕೊಂಡ ವಾರದಲ್ಲೇ ನಮ್ಮ ಮೆರಿದಾ ಊರಿನಲ್ಲಿ ಡಾಕ್ಟರುಗಳ ಸಂಖ್ಯೆ ವಿಪರೀತ ಏರಿತು. ತರಕಾರಿಯವಳು ಡಾಕ್ಟರು, ಪಾದ್ರಿಯ ಅಡುಗೆಯವಳು ಡಾಕ್ಟರು, ಎಂಟು ವರ್ಷದಿಂದ ಸ್ನಾನವನ್ನು ಶನಿವಾರಕ್ಕೆ ಮೀಸಲಿಟ್ಟ ಪಕ್ಕದ ಮನೆಯ ಮುದುಕನೂ ಚರ್ಮರೋಗ ತಜ್ಞ.

ನಮ್ಮಮ್ಮನಂತೂ ಎಲ್ಲರಿಗಿಂತ ಹಿರಿಯ ತಜ್ಞೆ. "ಇದು ಪಿತ್ತ ಕಣೇ. ಸಿಟ್ಟು ಒಳಗೆ ನುಂಗ್ತೀಯಲ್ಲ, ಅದು ಮುಖಕ್ಕೆ ಬರುತ್ತೆ" ಎಂದು ದಿನಾ ಕಷಾಯ ಕುದಿಸಿ ಕುಡಿಸಿದಳು.

"ಹಾಗಾದ್ರೆ ಅತ್ತೆ, ನಿಮ್ಮ ಮುಂದೆ ನಾನು ನುಂಗಿರೋದಕ್ಕೆ ಇಷ್ಟೊತ್ತಿಗೆ ಕಾಲಿನ ತನಕ ಕಪ್ಪಾಗಬೇಕಿತ್ತು" ಎಂದಳು ಗ್ಲೆಂಡಿ.

ತರಕಾರಿಯವಳ ಸಲಹೆಯಂತೆ ನಿಂಬೆಹಣ್ಣು ಉಜ್ಜಿಕೊಂಡು ಕೆಲಸಕ್ಕೆ ಹೋದಳು. ನಿಂಬೆರಸಕ್ಕೂ ನಮ್ಮ ಯುಕತಾನ ಸೀಮೆಯ ಏಪ್ರಿಲ್ ಬಿಸಿಲಿಗೂ ಹಳೆಯ ವೈರ. ಸಂಜೆಗೆ ಗದ್ದದ ಮೇಲೆ ಬೊಬ್ಬೆ ಎದ್ದಿತ್ತು, ಅದು ಒಣಗಿ ಇನ್ನೊಂದು ಕಲೆಯಾಯಿತು. ಮೊದಲು ಮೂರಿದ್ದವು, ಈಗ ನಾಲ್ಕು. ತರಕಾರಿಯವಳು ಮಾತ್ರ "ಕೆಟ್ಟದ್ದೆಲ್ಲ ಹೊರಗೆ ಬರ್ತಿದೆ" ಎಂದು ಸಂತೋಷಪಟ್ಟಳು.

ಗ್ಲೆಂಡಿಯ ಕೆಲಸವೇ ಬಿಸಿಲಿನದು. ಗೊಲೊಂದ್ರಿನಾ ಬಸ್ ಕಂಪನಿಯಲ್ಲಿ ಅವಳು ವೇಳೆ ಬರೆಯುವವಳು. ಬೆಳಗ್ಗೆ ಆರರಿಂದ ಎರಡರವರೆಗೆ ಒಂದು ಮೂಲೆಯಲ್ಲಿ ನಿಂತು, ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಯಾವ ಡ್ರೈವರ್ ಎಲ್ಲಿ ಟ್ಯಾಕೊ ತಿನ್ನುತ್ತ ಎಷ್ಟು ನಿಮಿಷ ಕಳೆದ ಎಂದು ಗುರುತು ಹಾಕಬೇಕು. ಆ ಮೂಲೆಯಲ್ಲಿ ಒಂದು ಮರವಿತ್ತು. ಕಂಪನಿಯ ಫಲಕ ಕಾಣಿಸುವುದಿಲ್ಲ ಎಂದು ಕಡಿಸಿದರು. ಈಗ ಫಲಕ ಚೆನ್ನಾಗಿ ಕಾಣುತ್ತದೆ. ಅದರ ಮೇಲೆ ಒಂದು ಮರದ ಚಿತ್ರವಿದೆ.

ಡ್ರೈವರುಗಳು ಕಿಟಕಿಯಿಂದ ಕೂಗುತ್ತಿದ್ದರು: "ಏನಮ್ಮ ಗ್ಲೆಂಡಿ, ಇವತ್ತೂ ಮುಖ ತೊಳೆಯೋದು ಮರೆತ್ಯಾ?"

"ನೀನು ನಾಲ್ಕು ನಿಮಿಷ ಲೇಟು. ಅದನ್ನ ಬರೆಯೋದು ಮಾತ್ರ ಮರೆತಿಲ್ಲ" ಎನ್ನುತ್ತಿದ್ದಳು.

ಅವಳಿಗೆ ಇದೆಲ್ಲ ತಾಗಲಿಲ್ಲ. ತಾಗಿದ್ದು ನನ್ನ ಅಣ್ಣ ಹಸಿಂತೊ ಆಡಿದ ಮಾತು. "ನನಗೇನೂ ಕಾಣಿಸೋದೇ ಇಲ್ಲ, ನೀನು ಹೇಗಿದ್ರೂ ಚೆಂದ" ಎಂದು ದಿನಾ ಹೇಳುವ ಗಂಡ ಅವನು. ಮಗುವಿನ ದೀಕ್ಷಾಸ್ನಾನದ ಫೋಟೊ ತೆಗೆಯುವಾಗ ಮಾತ್ರ ಮೆಲ್ಲಗೆ, "ಸ್ವಲ್ಪ ಆ ಕಂಬದ ನೆರಳಿಗೆ ನಿಂತ್ಕೊ" ಎಂದ. ಮರುದಿನ ಅವಳು ನನ್ನ ಪಾರ್ಲರಿಗೆ ಬಂದು ಕುರ್ಚಿಯಲ್ಲಿ ಕುಳಿತು, "ಎಲ್ಸಿ, ಏನಾದ್ರೂ ಮಾಡೇ" ಎಂದಳು.

ನಾನು ಮಾಡಿದೆ. ಇಡೀ ಊರಿನ ಮೂರ್ಖ ಡಾಕ್ಟರುಗಳ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಎಂದು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ನನ್ನ ಕಪಾಟಿನಲ್ಲಿ ಪುಟ್ಟ ಬಿಳಿ ಡಬ್ಬಿಗಳಿದ್ದವು. ಗಡಿಯ ಕಡೆಯಿಂದ ಒಬ್ಬ ತಂದುಕೊಡುತ್ತಿದ್ದ. ಮೇಲೆ ಹೆಸರಿಲ್ಲ, ವಿಳಾಸವಿಲ್ಲ, ಒಳಗೇನಿದೆ ಎಂಬ ಒಂದಕ್ಷರವಿಲ್ಲ. "ಹೆಸರೇ ಬೇಡದಷ್ಟು ಒಳ್ಳೆಯ ಮಾಲು" ಎಂದಿದ್ದ. ನಾನು ನಂಬಿದ್ದೆ. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವವಳು ನಾನು!

ಮೂರು ವಾರದಲ್ಲಿ ಗ್ಲೆಂಡಿಯ ಮುಖ ಸುಲಿದ ಬಾದಾಮಿಯಂತಾಯಿತು. ಬಂಗು ಮಾಯ. ಅಮ್ಮ ತನ್ನ ಕಷಾಯದ ಮಹಿಮೆ ಎಂದಳು, ತರಕಾರಿಯವಳು ನಿಂಬೆಯದು ಎಂದಳು. ನಾನು ಇಬ್ಬರನ್ನೂ ನೋಡಿ ಮುಗುಳ್ನಕ್ಕೆ, ಇನ್ನೂ ಹತ್ತು ಜನರಿಗೆ ಡಬ್ಬಿ ಮಾರಿದೆ. ಅದೇ ಹೊತ್ತಿಗೆ ಕಂಪನಿಯ ಯಜಮಾನ ದೋನ್ ಅರ್ಸೆನಿಯೊ ಗ್ಲೆಂಡಿಯನ್ನು ಕಂಡ. ಆರು ವರ್ಷದಿಂದ ಅವಳು ಅವನ ಕೆಲಸದಲ್ಲಿದ್ದಳು, ಆದರೆ ಅವನು ಅವಳನ್ನು ಕಂಡದ್ದು ಆಗಲೇ. ಫೋಟೊದವನನ್ನು ಕರೆಸಿದ. ಹದಿನೈದು ದಿನದಲ್ಲಿ ಇಪ್ಪತ್ತೆರಡು ಬಸ್ಸುಗಳ ಬೆನ್ನ ಮೇಲೆ ಆಳೆತ್ತರದ ಗ್ಲೆಂಡಿ ನಗುತ್ತಿದ್ದಳು. ಕೆಳಗೆ ದಪ್ಪಕ್ಷರದಲ್ಲಿ: "ನಮ್ಮ ಸೇವೆ, ಕಲೆಯಿಲ್ಲದ ಸೇವೆ." ಅವಳಿಂದ ಒಪ್ಪಿಗೆಯ ಸಹಿ ಹಾಕಿಸಿಕೊಳ್ಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಏಳನೆಯ ವಾರ ಮುಖ ಉರಿಯತೊಡಗಿತು. ಮೆಕ್ಕೆಜೋಳದ ರೊಟ್ಟಿ ತಟ್ಟಲು ಒಲೆಯ ಮುಂದೆ ನಿಂತರೆ ಕಣ್ಣೀರು ಸುರಿಯುವಷ್ಟು. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ, ಒಳಗೆ ಕೆಂಪು ಎಳೆಗಳು ಕಾಣಿಸಿಕೊಂಡವು. ಕ್ರೀಮು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಬಂಗು ಮರಳಿ ಬಂತು, ಬರುವಾಗ ನೆಂಟರನ್ನೂ ಕರೆತಂದಿತು. ಹಣೆಯ ಮೇಲೂ ಹರಡಿತು. ಕೆಂಡದಂಥ ಮುಖ ಹೊತ್ತು ಗ್ಲೆಂಡಿ ತನ್ನ ಮೂಲೆಯಲ್ಲಿ ನಿಂತು, ತನ್ನದೇ ಬಿಳಿ ಮುಖ ಹೊತ್ತು ಬರುವ ಬಸ್ಸುಗಳ ವೇಳೆ ಬರೆಯುತ್ತಿದ್ದಳು. ಬಿಳಿ ಗ್ಲೆಂಡಿ ಒಂದು ದಿನವೂ ಸರಿಯಾದ ಹೊತ್ತಿಗೆ ಬರುತ್ತಿರಲಿಲ್ಲ.

ಕೊನೆಗೆ ಸರಕಾರಿ ಆಸ್ಪತ್ರೆಗೆ ಹೋದೆವು. ಚರ್ಮದ ಡಾಕ್ಟರ್ ಕನ್ಚೆ ಎಂಬ ಗಿಡ್ಡ ಹೆಂಗಸು. ನಗು ಅವರಿಗೆ ಸರಕಾರದಿಂದ ಮಂಜೂರಾಗಿರಲಿಲ್ಲ. ದೀಪ ಹಿಡಿದು ಗ್ಲೆಂಡಿಯ ಮುಖವನ್ನು ಇಂಚಿಂಚೂ ನೋಡಿ ಕೇಳಿದರು: "ಇದನ್ನ ಹಚ್ಚೋಕೆ ಹೇಳಿದ ಮಹಾತಾಯಿ ಯಾರು?"

ಗ್ಲೆಂಡಿ ನನ್ನತ್ತ ತಿರುಗಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದೆ.

"ಡಬ್ಬಿ ತಂದಿದೀರಾ? ಕೊಡಿ, ಪರೀಕ್ಷೆಗೆ ಕಳಿಸ್ತೀನಿ. ಬರೋ ಉತ್ತರ ನನಗೆ ಈಗಲೇ ಗೊತ್ತು, ಜೋರು ಸ್ಟೆರಾಯ್ಡ್. ಕೆಲವು ಸಲ ಪಾದರಸಾನೂ ಇರುತ್ತೆ. ಮೊದಲು ಬಿಳಿ ಮಾಡುತ್ತೆ, ಆಮೇಲೆ ಚರ್ಮಾನೇ ತಿನ್ನುತ್ತೆ."

"ಪಿತ್ತ ಅಲ್ವಾ ಹಾಗಾದ್ರೆ?" ಎಂದಳು ಗ್ಲೆಂಡಿ.

"ಪಿತ್ತಾನೂ ಅಲ್ಲ, ಪಾಪಾನೂ ಅಲ್ಲ. ಚರ್ಮದೊಳಗೆ ಬಣ್ಣ ಮಾಡೋ ಕಣಗಳಿವೆ. ಬಸಿರಾದಾಗ ಅವು ಮೈಮೇಲೆ ದೇವರು ಬಂದ ಹಾಗೆ ಕುಣಿಯೋಕೆ ಶುರು ಮಾಡ್ತವೆ. ಬಿಸಿಲು ಬಿದ್ರೆ ಇನ್ನೂ ಜೋರು, ಒಲೆ ಶಾಖ ಸಾಕು ಕೆರಳೋಕೆ. ಮಕ್ಕಳಾಗದ ಹಾಗೆ ಮಾತ್ರೆ ತಗೋತಿದೀಯಾ?"

"ಹೌದು."

"ಅದೂ ಅವಕ್ಕೆ ತಾಳ ಹಾಕುತ್ತೆ. ಬೇರೆ ದಾರಿ ನೋಡೋಣ. ಗಂಡನ್ನೂ ಕರ್ಕೊಂಡು ಬಾ, ಎಲ್ಲ ಭಾರ ನಿನ್ನ ಮುಖದ ಮೇಲೇ ಯಾಕೆ?"

ಮೊದಲು ಉರಿ ಆರಬೇಕು, ಆಮೇಲೆ ಕಲೆಯ ಮುಲಾಮು ಎಂದರು. ಮಣ್ಣಿನ ಬಣ್ಣದ ಸನ್‌ಸ್ಕ್ರೀನ್ ಎರಡೆರಡು ಗಂಟೆಗೊಮ್ಮೆ, ಬಣ್ಣವಿಲ್ಲದ್ದು ಬಂಗಿಗೆ ಸಾಲದು. ಅಗಲ ಅಂಚಿನ ಟೋಪಿ ಬೇಕೇ ಬೇಕು. ಆರು ತಿಂಗಳು, ಎಂಟು ತಿಂಗಳು, ಇನ್ನೂ ಹೆಚ್ಚು.

"ಪೂರ್ತಿ ಹೋಗುತ್ತಾ?"

"ಮಲಗುತ್ತೆ. ನೀನು ಬಿಸಿಲಲ್ಲಿ ಮೆರವಣಿಗೆ ಹೊರಟ್ರೆ ಮತ್ತೆ ಏಳುತ್ತೆ. ಪೂರ್ತಿ ಹೋಗುತ್ತೆ ಅಂತ ಮಾತು ಕೊಡೋರು ಬೇಕಾದ್ರೆ ನಿನ್ನ ನಾದಿನೀನ ಕೇಳು."

ಸನ್‌ಸ್ಕ್ರೀನ್ ಸಿಕ್ಕಿತು. ತೊಂದರೆಯಾದದ್ದು ಟೋಪಿಯಿಂದ. ಗ್ಲೆಂಡಿ ಬೆಕಾಲ್ ಊರಿನವರು ಹೆಣೆಯುವ ತಾಳೆಗರಿ ಟೋಪಿಗೆ ಕಂಪನಿಯ ಬಿಲ್ಲೆ ಹೊಲಿದುಕೊಂಡು ಕೆಲಸಕ್ಕೆ ಹೋದಳು. ದೋನ್ ಅರ್ಸೆನಿಯೊ ಅವಳನ್ನು ಆಫೀಸಿಗೆ ಕರೆಸಿದ. ಆ ಆಫೀಸಿನಲ್ಲಿ ಎರಡು ಏಸಿ ಇವೆ, ಒಂದು ಅವನಿಗೆ, ಇನ್ನೊಂದು ಅವನ ಮೀನಿನ ತೊಟ್ಟಿಗೆ.

"ನಿಯಮದಲ್ಲಿ ಕ್ಯಾಪು ಅಂತಿದೆ, ತಾಯಿ. ಇದು ಬಸ್ ಕಂಪನಿ, ಕಬ್ಬಿನ ಗದ್ದೆ ಅಲ್ಲ."

"ಡಾಕ್ಟರ್ ಚೀಟಿ ಇದೆ."

"ಚೀಟಿ ಇರಲಿ. ಬಸ್ ಮೇಲೆ ಎಷ್ಟು ಲಕ್ಷಣವಾಗಿ ಕಾಣ್ತೀಯ! ಹಾಗೇ ಇರಬಾರ್ದಾ?"

ಗ್ಲೆಂಡಿ ಸ್ವಲ್ಪ ಹೊತ್ತು ಮೀನುಗಳನ್ನು ನೋಡಿದಳು. "ಆಗಲಿ, ಹಾಗೇ ಇರ್ತೀನಿ" ಎಂದು ಹೊರಬಂದಳು.

ಸೋಮವಾರ ಬೆಳಗ್ಗೆ ಟೋಪಿಯಿಲ್ಲ, ಕ್ರೀಮಿಲ್ಲ, ಪೌಡರಿಲ್ಲ. ಮುಖ್ಯ ನಿಲ್ದಾಣಕ್ಕೆ ಹೋಗಿ, ಸಾಲಾಗಿ ನಿಂತ ಬಸ್ಸುಗಳಲ್ಲಿ ಒಂದರ ಹಿಂದೆ, ತನ್ನ ದೊಡ್ಡ ಮುಖದ ಪಕ್ಕದಲ್ಲೇ ತನ್ನ ಸಣ್ಣ ಮುಖವನ್ನಿಟ್ಟುಕೊಂಡು ನಿಂತಳು. ವೇಳೆ ಬರೆಯುವ ಹಲಗೆ ಕೈಯಲ್ಲೇ ಇತ್ತು. ನಾನೂ ಜೊತೆಗಿದ್ದೆ, ಅವಳ ಟೋಪಿ ಹಿಡಿದುಕೊಂಡು.

ಸರದಿಯಲ್ಲಿದ್ದ ಒಬ್ಬ ಹೆಂಗಸು ಆ ಮುಖ ನೋಡಿ, ಈ ಮುಖ ನೋಡಿ, "ಇವಳು ನಿನ್ನ ತಂಗಿಯಾ, ಮಗಳೇ?" ಎಂದಳು.

"ಅಲ್ಲಮ್ಮ, ನಾನೇ. ಕಂಪನಿ ಬಿಸಿಲು ಕುಡಿದ ಮೇಲೆ ಹೀಗಾದೆ. ಟೋಪಿ ಹಾಕ್ಕೊಂಡ್ರೆ ಲಕ್ಷಣ ಕೆಡುತ್ತೆ ಅಂತಾರೆ."

ಸರದಿ ನಕ್ಕಿತು. ನಗು ಬೇರೆ ಸರದಿಗೆ ಹರಡಿತು. ಯಾರೋ ಮೊಬೈಲ್ ಎತ್ತಿದರು. ಒಬ್ಬ ಮುದುಕ ಬಸ್ಸಿನ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿದ: "ಕಲೆಯಿಲ್ಲದ ಸೇವೆ!" ಹತ್ತು ಗಂಟೆಯ ಹೊತ್ತಿಗೆ ದೋನ್ ಅರ್ಸೆನಿಯೊ ತನ್ನ ಏಸಿಯನ್ನು ಬಿಟ್ಟು ಬಿಸಿಲಿಗೆ ಬಂದ. ಅವನು ಬಿಸಿಲಿನಲ್ಲಿ ನಡೆದದ್ದನ್ನು ನಾವ್ಯಾರೂ ಅದಕ್ಕೆ ಮುಂಚೆ ನೋಡಿರಲಿಲ್ಲ. "ಹಾಕ್ಕೊಳಮ್ಮ, ಹಾಕ್ಕೊ, ಬೇಕಾದ್ರೆ ಎರಡು ಟೋಪಿ ಹಾಕ್ಕೊ" ಎಂದು ನನ್ನ ಕೈಯಿಂದ ಟೋಪಿ ಕಿತ್ತು ತಾನೇ ಅವಳ ತಲೆಗಿಟ್ಟ.

ಮುಂದಿನ ತಿಂಗಳು ವೇಳೆ ಬರೆಯುವ ಹನ್ನೊಂದು ಜನಕ್ಕೂ ಟೋಪಿ ಬಂದವು, ಮೂಲೆಗಳಿಗೆ ದೊಡ್ಡ ಕೊಡೆಗಳು ಬಂದವು. ಸಿಬ್ಬಂದಿಯ ಚರ್ಮದ ಬಗ್ಗೆ ತನಗಿರುವ ಕಾಳಜಿ ಕುರಿತು ದೋನ್ ಅರ್ಸೆನಿಯೊ ಹದಿನೇಳು ನಿಮಿಷ ಭಾಷಣ ಮಾಡಿದ. ಗ್ಲೆಂಡಿ ವೇಳೆ ಬರೆದುಕೊಂಡಳು.

ಎಲ್ಲರೂ ಅವಳನ್ನು ಹೊಗಳಿದರು. ನಾನು ಮಾತ್ರ ನಿದ್ದೆಗೆಟ್ಟೆ. "ಕಂಪನಿ ಬಿಸಿಲು" ಎಂದಳಲ್ಲ, ಅದು ಅರ್ಧ ಸತ್ಯ. ಇನ್ನರ್ಧ ನನ್ನ ಕಪಾಟಿನದು. ಅಷ್ಟು ಜನರ ಮುಂದೆ ಅವಳು ನನ್ನ ಹೆಸರು ಹೇಳಬಹುದಿತ್ತು, ಪಕ್ಕದಲ್ಲೇ ನಿಂತಿದ್ದೆ. ಹೇಳಲಿಲ್ಲ. ಕೇಳಿದ್ದಕ್ಕೆ "ನೀನು ಟೋಪಿ ಹಿಡ್ಕೊಂಡಿದ್ಯಲ್ಲ, ಬಿಡು" ಎಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಉಳಿದ ಡಬ್ಬಿಗಳನ್ನು ಡಾಕ್ಟರ್ ಕನ್ಚೆಗೆ ಒಪ್ಪಿಸಿದೆ. ಆಮೇಲೆ ಮಾರಿದ್ದನ್ನು ಮರಳಿ ಪಡೆಯಲು ಹೊರಟೆ. ಒಂಬತ್ತು ಮನೆಗಳಲ್ಲಿ ಬೈಗುಳದ ಜೊತೆ ಡಬ್ಬಿ ಸಿಕ್ಕಿತು. ಹತ್ತನೆಯ ಮನೆ ದೊನ್ಯಾ ಕಾಂದಿತಾಳದು. ಅರುವತ್ತು ದಾಟಿದ ವಿಧವೆ, ಪನೂಚೊ ಎಂಬ ಕಾಳು ತುಂಬಿದ ರೊಟ್ಟಿ ಕರಿದು ಮಾರುವವಳು. ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಮುಖ ಹಾಲಿನಂತಿತ್ತು.

"ಯಾಕೆ ಕೊಡ್ಲಿ? ಐವತ್ತು ವರ್ಷದಿಂದ ಎಣ್ಣೆ ಮುಂದೆ ಕೂತು ಕರಕಲಾದೆ. ದಿನ ಬಿಟ್ಟು ದಿನ ಚೂರೇ ಚೂರು ಹಚ್ಚಿ, ಈಗ ಕನ್ನಡಿ ನೋಡೋ ಹಾಗಾಗಿದೆ. ನಿನ್ನ ಕಣ್ಣು ಬಿತ್ತಾ?"

"ದೊನ್ಯಾ, ಅದು ವಿಷ. ನಾನೇ ಮಾರಿದ್ದು, ನಾನೇ ಹೇಳ್ತಿದೀನಿ."

"ಮಾರುವಾಗ ಅಮೃತ ಅಂದೆ. ಯಾವ ನಾಲಿಗೇನ ನಂಬ್ಲಿ?"

ಅಂದು ನನ್ನ ಜೊತೆಗಿದ್ದ ಗ್ಲೆಂಡಿ ಮುಂದೆ ಬಂದಳು. ಟೋಪಿ ತೆಗೆದಳು. ಸೆರಗಿನಂತೆ ಹೊದ್ದಿದ್ದ ಶಾಲಿನ ತುದಿಯನ್ನು ಬಾಗಿಲ ಬಳಿಯ ಬಕೆಟ್ಟಿನ ನೀರಿನಲ್ಲಿ ಅದ್ದಿ, ಕೆನ್ನೆಯ ಮೇಲಿನ ಮಣ್ಣಿನ ಬಣ್ಣದ ಕ್ರೀಮನ್ನು ಮೆಲ್ಲಗೆ ಒರೆಸಿಕೊಂಡಳು. ಎರಡು ತಿಂಗಳ ಆರೈಕೆಯಾಗಿತ್ತು. ಬಂಗು ತುಸು ತಿಳಿಯಾಗಿತ್ತು, ಆದರೆ ಕೆಂಪು ಎಳೆಗಳು ಇನ್ನೂ ಇದ್ದವು.

"ಮುಟ್ಟಿ ನೋಡಿ. ನಾನೂ ಮೂರು ವಾರ ನಿಮ್ಮ ಹಾಗೇ ಇದ್ದೆ. ಬಸ್ ಮೇಲೆ ನೋಡಿಲ್ವಾ?"

ದೊನ್ಯಾ ಕಾಂದಿತಾ ಎಣ್ಣೆ ಜಿಡ್ಡಿನ ಬೆರಳಿನಿಂದ ಆ ಕೆನ್ನೆಯನ್ನು ಮುಟ್ಟಿದಳು. ನಂತರ ಒಳಗೆ ಹೋಗಿ ಡಬ್ಬಿ ತಂದಳು, ಅದರ ಮೇಲೊಂದು ಸಣ್ಣ ಕಾಗದದ ಪೊಟ್ಟಣವಿತ್ತು.

"ಡಬ್ಬಿಯಿಂದ ಸ್ವಲ್ಪ ನನ್ನ ಮೊಮ್ಮಗಳಿಗೆ ಅಂತ ಇದರಲ್ಲಿ ತೆಗೆದಿಟ್ಟಿದ್ದೆ. ಹನ್ನೆರಡು ವರ್ಷ ಅದಕ್ಕೆ. ಶಾಲೇಲಿ ಕರಿ ಅಂತಾರಂತೆ. ಇನ್ನೂ ಹಚ್ಚಿಲ್ಲ" ಎಂದಳು. ಅವಳ ಧ್ವನಿ ಇಳಿದಿತ್ತು. "ಆ ಆಸ್ಪತ್ರೆ ಡಾಕ್ಟರ್ ಯಾವ ದಿನ ಸಿಗ್ತಾರೆ?"

"ಗುರುವಾರ. ನಾನೇ ಬಂದು ಕರ್ಕೊಂಡು ಹೋಗ್ತೀನಿ" ಎಂದೆ.

"ನೀನು ಬರಬೇಡ" ಎಂದಳು ದೊನ್ಯಾ ಕಾಂದಿತಾ. "ಇವಳು ಬರ್ಲಿ."