ಗಣಪತಿ ತುಂಬಿಸಿದ ಮುನ್ನೂರು ವಾಕ್ಯ

ಇದು ೨೦೦೭ರ ಮಾತು. ಹೋಟೆಲುಗಳಿಗೆ ಸಾಫ್ಟ್‌ವೇರ್ ಬರೆಯುವ ತಿರುವನಂತಪುರದ ಆಫೀಸಿನಲ್ಲಿ ಮೈಸೂರಿನ ನಿಹಾರಿಕಾಗೆ ಒಂದೇ ಹಟ: ಪರದೆಯ ಮೇಲೆ ಬರುವ ಮಾತುಗಳೆಲ್ಲ ಒಂದೇ ಕಡೆ ಇರಬೇಕು. ಹಿಂದೆಲ್ಲ ಕೋಡಿನಲ್ಲಿ ಯಾರೋ ಒಂದಕ್ಷರ ತಪ್ಪಿದರೆ ಗ್ರಾಹಕರಿಗೆ ಖಾಲಿ ಬಟನ್ ಕಾಣುತ್ತಿತ್ತು. ಅವಳು ಒಂದೊಂದು ವಾಕ್ಯಕ್ಕೂ ಒಂದು ಹೆಸರಿಟ್ಟಳು. ಹೆಸರು ತಪ್ಪಿದರೆ ಪ್ರೋಗ್ರಾಂ ಕಂಪೈಲೇ ಆಗದು, ಕಂಪ್ಯೂಟರ್ ಅದನ್ನು ಒಪ್ಪುವುದೇ ಇಲ್ಲ. ಯಾವ ವಾಕ್ಯ ಖಾಲಿ ಉಳಿದರೂ ತಪ್ಪು ಹುಡುಕುವ ಟೆಸ್ಟ್ ಕೆಂಪಾಗುತ್ತದೆ. ಬಾಸ್ ಸುಮಿತ್ರ ಮೇಡಂ, "ಫೋರ್ಟ್ ಕೊಚ್ಚಿಯ ಹೋಟೆಲಿನ ಡೆಮೊ ಗೆದ್ದರೆ ಎಲ್ಲರಿಗೂ ಇದೇ ಪದ್ಧತಿ. ಸೋತರೆ ಹಳೆಯದೇ," ಎಂದಿದ್ದರು.

ಇಂಗ್ಲಿಷ್ ವಾಕ್ಯಗಳನ್ನು ತುಂಬಿಸುವ ಕೆಲಸ ಪುತ್ತೂರಿನ ಗಣಪತಿಯ ತಲೆಗೆ ಬಿತ್ತು. ಮುನ್ನೂರು ಖಾಲಿ ಜಾಗ, ಮುನ್ನೂರು ಕೆಂಪು. ಸದ್ಯಕ್ಕೆ ಟೆಸ್ಟಿನ ಬಾಯಿ ಮುಚ್ಚಿಸೋಣ, ನಾಳೆ ತಿದ್ದಿದರಾಯಿತು ಎಂದು ಆ ಸೋಮಾರಿ ತೋಚಿದ್ದನ್ನೆಲ್ಲ ಕನ್ನಡದಲ್ಲಿ ಗೀಚಿದ. ಆಫೀಸಿನಲ್ಲಿ ಅದನ್ನು ಓದಬಲ್ಲವರು ಇಬ್ಬರೇ. ಮರುದಿನ ಮರೆತೇಬಿಟ್ಟ. ನಿಹಾರಿಕಾ ಟೆಸ್ಟೆಲ್ಲ ಹಸಿರಾದದ್ದು ನೋಡಿ ಹಿಗ್ಗಿ, ಒಂದೇ ಒಂದು ಪರದೆಯನ್ನೂ ತೆರೆಯದೆ ಕೊಚ್ಚಿಯ ರೈಲು ಹತ್ತಿದಳು.

ಹೋಟೆಲಿನ ಮಾಲೀಕ ಅಶ್ರಫ್ ತಟ್ಟೆಯ ಚಿತ್ರವಿದ್ದ ಬಟನ್ ಒತ್ತಿದರು. ಪರದೆ ಹೇಳಿತು: "ಒತ್ತಬೇಡಿ ಮಾರಾಯ್ರೆ, ಚಾ ಕುಡಿದು ಬಂದು ಬರೀತೇನೆ."

ನಿಹಾರಿಕಾ ಥಟ್ಟನೆ ಪರದೆಯನ್ನು ತನ್ನತ್ತ ತಿರುಗಿಸಿಕೊಂಡಳು. "ಕನ್ನಡ, ಸರ್. ಕರ್ನಾಟಕದ ಅತಿಥಿಗಳಿಗೆ ಸ್ವಾಗತ," ಎಂದು ಬುರುಡೆ ಬಿಟ್ಟಳು.

"ಅಡಿಪೊಳಿ!" ಎಂದು ಮೆಚ್ಚಿದ ಅಶ್ರಫ್, ಅಲ್ಲೇ ತಿಂಡಿ ತಿನ್ನುತ್ತಿದ್ದ ಧಾರವಾಡದ ಅತಿಥಿ ದಾಕ್ಷಾಯಣಮ್ಮನನ್ನು ಕರೆದೇಬಿಟ್ಟರು.

ದಾಕ್ಷಾಯಣಮ್ಮ ದೂರು ಕೊಡುವ ಬಟನ್ ಒತ್ತಿದರು. "ಇಷ್ಟಕ್ಕೆಲ್ಲ ದೂರಾ? ಮನೆಯಲ್ಲಾದರೆ ಎಂತ ಮಾಡ್ತೀರಿ?" ಎಂದಿತು ಪರದೆ. ಅವರು ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು. ಆಮೇಲೆ ಇನ್ನೊಂದು, ಮತ್ತೊಂದು ಒತ್ತುತ್ತಲೇ ಹೋದರು. ಅವರ ಅಪ್ಪಂ ಆರಿಹೋಯಿತು. "ಯಾಂವ ಅದಾನವಾ ಇದನ್ನ ಬರದಾಂವ?"

ನಿಹಾರಿಕಾ ಹೊರಗೆ ಓಡಿ ಗಣಪತಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದಳು.

"ಖಾಲಿ ಬಿಡಬಾರದು ಅಂತ ಹೇಳಿದ್ದು ನೀನೇ ಅಲ್ವಾ ಮಾರಾಯ್ತಿ?" ಎಂದ ಗಣಪತಿ. "ಖಾಲಿ ಇಲ್ಲ."

ಒಳಗೆ ಬಂದರೆ, ದಾಕ್ಷಾಯಣಮ್ಮನಿಂದ ಎಲ್ಲದರ ಅರ್ಥ ಕೇಳಿಕೊಂಡ ಅಶ್ರಫ್ ಕೂಡ ನಗುತ್ತಿದ್ದರು. "ಎಷ್ಟೋ ಕಂಪನಿಯವರು ಬಂದು ತೋರಿಸಿದರು. ಒಬ್ಬ ಅತಿಥಿಯೂ ಎರಡನೇ ಬಟನ್ ಒತ್ತಲಿಲ್ಲ. ನನಗೆ ಇದೇ ಬೇಕು, ಇಂಗ್ಲಿಷಿನಲ್ಲೂ ಮಲಯಾಳದಲ್ಲೂ. ಬರೆದವರನ್ನೇ ಕಳಿಸಿ."

ಪದ್ಧತಿ ಗೆದ್ದಿತು. ಉಳಿದ ವಾಕ್ಯ ಬರೆಯಲು ಗಣಪತಿ ಆ ಹೋಟೆಲಿನ ಸಮುದ್ರ ಕಾಣುವ ಕೋಣೆಗೆ ಒಂದು ತಿಂಗಳ ಮಟ್ಟಿಗೆ ಹೊರಟ. ನಿಹಾರಿಕಾ ಹೊಟ್ಟೆ ಉರಿದುಕೊಂಡು ಆಫೀಸಿನಲ್ಲೇ ಉಳಿದಳು. ಸುಮಿತ್ರ ಮೇಡಂ ಅವಳಿಗೆ ಹೊಸ ಟೆಸ್ಟೊಂದನ್ನು ಬರೆಯಲು ಹೇಳಿದ್ದರು: ಯಾವ ವಾಕ್ಯವೂ ಸಪ್ಪೆಯಾಗಿರಬಾರದು.